ತಡವಾಗಿ ಇಳಿಯುವ ಊಟ, ಕಾಯದ ಇನ್ಸುಲಿನ್

ಊಟಕ್ಕೆ ಮುಂಚೆ ಶುಗರ್ 130. ವೈದ್ಯರು ಹೇಳಿದಷ್ಟೇ ಇನ್ಸುಲಿನ್, ಅಳತೆಯ ಅನ್ನ, ಒಂದು ಸೌಟು ಸಾರು. ಎಲ್ಲವೂ ಲೆಕ್ಕದಂತೆಯೇ. ಆದರೂ ಕೈತೊಳೆದು ಒಂದು ಗಂಟೆಯಾಗುವಷ್ಟರಲ್ಲಿ ಬೆವರು, ಕೈನಡುಕ. ನೋಡಿದರೆ 60. ಸಕ್ಕರೆ ತಿಂದು ಸುಧಾರಿಸಿಕೊಂಡು ಮಲಗಿದರೆ ನಡುರಾತ್ರಿ 280. ಮರುದಿನ ಅದೇ ಊಟ, ಅದೇ ಡೋಸ್, ಆದರೆ ಅಂಕಿಗಳು ಬೇರೆಯೇ. ಮನೆಯವರು ಕದ್ದು ಏನೋ ತಿಂದಿರಬೇಕು ಅನ್ನುತ್ತಾರೆ. ವೈದ್ಯರೂ ಒಮ್ಮೊಮ್ಮೆ ಹಾಗೆಯೇ ಕೇಳುತ್ತಾರೆ.

ಹೀಗಾಗುವವರಲ್ಲಿ ಒಂದಷ್ಟು ಜನರ ತೊಂದರೆ ಬಾಯಿಯದ್ದೂ ಅಲ್ಲ, ಡೋಸಿನದ್ದೂ ಅಲ್ಲ. ಉಂಡದ್ದು ಹೊಟ್ಟೆಯಿಂದ ಕರುಳಿಗೆ ಹೊತ್ತಿಗೆ ಸರಿಯಾಗಿ ಇಳಿಯುತ್ತಿಲ್ಲ. ವೈದ್ಯರು ಇದನ್ನು ಗ್ಯಾಸ್ಟ್ರೋಪರೇಸಿಸ್ ಎನ್ನುತ್ತಾರೆ. ದಾರಿಯಲ್ಲಿ ಹುಣ್ಣಾಗಲಿ ಗಡ್ಡೆಯಾಗಲಿ ಅಡ್ಡ ಇರುವುದಿಲ್ಲ, ಜಠರದ ಸ್ನಾಯು ತಳ್ಳುವ ಕೆಲಸವನ್ನೇ ಸರಿಯಾಗಿ ಮಾಡುವುದಿಲ್ಲ. ಹತ್ತಾರು ವರ್ಷ ಸಕ್ಕರೆ ಕಾಯಿಲೆ ಇದ್ದವರಲ್ಲಿ, ಅದರಲ್ಲೂ ಟೈಪ್ 1 (ಮೈಯೇ ಇನ್ಸುಲಿನ್ ತಯಾರಿಸದ ಬಗೆ) ಇರುವವರಲ್ಲಿ ಹೆಚ್ಚು. ಪಾದ ಜೋಮು ಹಿಡಿಯುವುದು, ಕಣ್ಣಿನ ರೆಟಿನಾಕ್ಕೆ ಹಾನಿ, ನಿಂತಕೂಡಲೇ ತಲೆಸುತ್ತು ಮುಂತಾದವು ಈಗಾಗಲೇ ಇದ್ದರೆ ಹೊಟ್ಟೆಯ ನರವೂ ಕೆಟ್ಟಿರುವ ಸಾಧ್ಯತೆ ಇದೆ.

ಹೊಟ್ಟೆಯೊಳಗೆ ಆಗುವುದೇನು

ಜಠರದ ಮೇಲುಭಾಗ ಅನ್ನವನ್ನು ಹಿಡಿದಿಟ್ಟುಕೊಳ್ಳುತ್ತದೆ, ಕೆಳಭಾಗ ಅರೆಯುತ್ತದೆ. ನಿಮಿಷಕ್ಕೆ ಸುಮಾರು 3 ಸಲ ಅಲೆಯಂತೆ ಹಿಂಡಿ, ತುತ್ತು 1–2 ಮಿಲಿಮೀಟರಿನ ಕಣವಾದ ಮೇಲಷ್ಟೇ ಸಣ್ಣ ಕರುಳಿಗೆ ಬಿಡುತ್ತದೆ. ಆರೋಗ್ಯವಂತರಲ್ಲಿ ಗಟ್ಟಿ ಊಟದ ಬಹುಪಾಲು 4 ಗಂಟೆಯೊಳಗೆ ಖಾಲಿಯಾಗುತ್ತದೆ. ಹಿಂಡುವ ಕೆಲಸವನ್ನು ನಡೆಸುವುದು ಮಿದುಳಿನಿಂದ ಹೊಟ್ಟೆಗೆ ಬರುವ ವೇಗಸ್ ನರ ಮತ್ತು ಜಠರದ ಗೋಡೆಯಲ್ಲೇ ಇರುವ ಕಾಹಾಲ್ ಜೀವಕೋಶಗಳು. ವರ್ಷಗಟ್ಟಲೆ ಏರಿದ ಸಕ್ಕರೆ ಇವೆರಡನ್ನೂ ಹಾಳುಮಾಡುತ್ತದೆ.

ಸಕ್ಕರೆ ರಕ್ತಕ್ಕೆ ಸೇರುವುದು ಸಣ್ಣ ಕರುಳಿನಲ್ಲಿ. ಅನ್ನ ಹೊಟ್ಟೆಯಲ್ಲೇ ಕುಳಿತಿರುವಷ್ಟು ಹೊತ್ತು, ರಕ್ತದ ಮಟ್ಟಿಗೆ ನೀವು ಉಂಡೇ ಇಲ್ಲ. ಇನ್ಸುಲಿನ್‌ಗೆ ಇದು ಗೊತ್ತಾಗುವುದಿಲ್ಲ, ಚುಚ್ಚಿದ ಗಳಿಗೆಯಿಂದ ಅದರ ಹೊತ್ತು ಶುರು. ಆಸ್ಪಾರ್ಟ್, ಲಿಸ್ಪ್ರೋ, ಗ್ಲುಲಿಸಿನ್‌ನಂಥ ವೇಗದ ಇನ್ಸುಲಿನ್ 10–20 ನಿಮಿಷದಲ್ಲಿ ಕೆಲಸ ಆರಂಭಿಸಿ, 1–2 ಗಂಟೆಯಲ್ಲಿ ಜೋರಾಗಿ, 3–5 ಗಂಟೆಗೆ ಮುಗಿಯುತ್ತದೆ. ಹಳೆಯ ರೆಗ್ಯುಲರ್ ಅರ್ಧ ಗಂಟೆಗೆ ಶುರುವಾಗಿ 2–4 ಗಂಟೆಗೆ ಏರಿ 6–8 ಗಂಟೆ ಇರುತ್ತದೆ. ಬಸ್ಸು ಬಂದು ಹೋದ ಮೇಲೆ ಪ್ರಯಾಣಿಕ ಸ್ಟ್ಯಾಂಡಿಗೆ ಬಂದಂತೆ, ವೇಗದ ಇನ್ಸುಲಿನ್ ಮುಗಿಯುವ ಹೊತ್ತಿಗೆ ಅನ್ನದ ಸಕ್ಕರೆ ಬರತೊಡಗುತ್ತದೆ. ಮೊದಲು ಲೋ, ಆಮೇಲೆ ಹೈ. ಈ ಕ್ರಮವೇ ಮುಖ್ಯ ಸುಳಿವು. ಡೋಸ್ ಬರೀ ಕಡಿಮೆಯಾಗಿದ್ದರೆ ಊಟವಾದ ಎರಡು ಗಂಟೆಗೆ ಶುಗರ್ ಏರಿರುತ್ತದೆ, ಇಲ್ಲಿ ಆ ಹೊತ್ತಿಗೇ ಇಳಿದಿರುತ್ತದೆ.

ಇನ್ನೊಂದು ತೊಡಕಿದೆ. ಶುಗರ್ ಏರಿದ್ದಾಗ ಹೊಟ್ಟೆ ಇನ್ನಷ್ಟು ನಿಧಾನ, ಇಳಿದಾಗ ಸ್ವಲ್ಪ ಚುರುಕು. ಹಾಗಾಗಿ ನಿನ್ನೆ 110 ಇದ್ದಾಗ ಉಂಡ ಇಡ್ಲಿ ಒಂದು ಹೊತ್ತಿಗೆ ಇಳಿದರೆ, ಇವತ್ತು 290 ಇದ್ದಾಗ ಉಂಡ ಅದೇ ಇಡ್ಲಿ ಇನ್ನೊಂದು ಹೊತ್ತಿಗೆ ಇಳಿಯುತ್ತದೆ. ದಿನದಿಂದ ದಿನಕ್ಕೆ ಅಂಕಿ ಬದಲಾಗುವುದಕ್ಕೆ ಇದೂ ಒಂದು ಕಾರಣ. ವಾಂತಿ, ವಾಕರಿಕೆ, ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು, ಮಧ್ಯಾಹ್ನ ಉಂಡದ್ದು ರಾತ್ರಿ ವಾಂತಿಯಲ್ಲಿ ಕಾಣುವುದು ಇವೆಲ್ಲ ಲಕ್ಷಣಗಳು ನಿಜ. ಆದರೆ ಇವೊಂದೂ ಇಲ್ಲದೆ ಬರೀ ಶುಗರ್ ಏರಿಳಿತವಾಗಿ ಕಾಣಿಸಿಕೊಳ್ಳುವ ಗ್ಯಾಸ್ಟ್ರೋಪರೇಸಿಸ್ ಕೂಡ ಇದೆ.

ಒಂದು ರಾತ್ರಿಯ ಲೆಕ್ಕ

ಕುಮಟಾದ ಒಬ್ಬರು ಎಂದಿಟ್ಟುಕೊಳ್ಳಿ. ರಾತ್ರಿ 8:20ಕ್ಕೆ 8 ಯೂನಿಟ್ ವೇಗದ ಇನ್ಸುಲಿನ್, 8:30ಕ್ಕೆ ಅನ್ನ, ಕಾಯಿ ಅರೆದ ಮೀನುಸಾರು, ಒಂದು ರವಾ ಫ್ರೈ. 9:45ಕ್ಕೆ 62. ಹೆದರಿ ನಾಲ್ಕು ಬಿಸ್ಕತ್ತು, ಒಂದು ಬಾಳೆಹಣ್ಣು. ಅವೂ ಅನ್ನದ ಮೇಲೆಯೇ ಹೋಗಿ ಕುಳಿತವು, ಶುಗರ್ ಏರಲು ಮುಕ್ಕಾಲು ಗಂಟೆ ಹಿಡಿಯಿತು. ರಾತ್ರಿ 1 ಗಂಟೆಗೆ ಅನ್ನ, ಬಿಸ್ಕತ್ತು, ಬಾಳೆಹಣ್ಣು ಎಲ್ಲ ಒಟ್ಟಿಗೆ ಇಳಿದು 285. ಗಾಬರಿಯಾಗಿ ಮತ್ತೆ 5 ಯೂನಿಟ್. ಒಂದು ಗಂಟೆ ಬಿಟ್ಟು ನೋಡಿದರೆ ಇನ್ನೂ 270, ಮತ್ತೆ 4 ಯೂನಿಟ್. ಬೆಳಗಿನ ಜಾವ 4:30ಕ್ಕೆ 51.

ಇಲ್ಲಿ ಕೆಟ್ಟದ್ದು ಮೂರು ಕಡೆ. ಇನ್ಸುಲಿನ್ ಊಟಕ್ಕಿಂತ ಮೊದಲು ಹೋಯಿತು. ಲೋ ಆದಾಗ ಗಟ್ಟಿ ತಿಂಡಿ ಹೋಯಿತು. ಹೈ ಆದಾಗ ಮೊದಲ ಚುಚ್ಚು ಇನ್ನೂ ಕೆಲಸ ಮಾಡುತ್ತಿರುವಾಗಲೇ ಎರಡನೆಯದು ಹೋಯಿತು. ವೇಗದ ಇನ್ಸುಲಿನ್ ಒಮ್ಮೆ ಚುಚ್ಚಿದ ಮೇಲೆ ನಾಲ್ಕು ಗಂಟೆ ಕಳೆಯದೆ ಇನ್ನೊಂದು ತಿದ್ದುಪಡಿ ಡೋಸ್ ಬೇಡ ಎನ್ನುವುದು ಸಾಮಾನ್ಯ ನಿಯಮ. ಹೊಟ್ಟೆ ನಿಧಾನ ಇರುವವರಿಗೆ ಇದನ್ನು ಮೀರುವುದು ಎಲ್ಲಕ್ಕಿಂತ ಅಪಾಯ. ಇವರು ಮರುದಿನ ವೈದ್ಯರಿಗೆ ಬೆಳಗಿನ ಅಂಕಿಯೊಂದನ್ನೇ ತೋರಿಸಿದರೆ ಡೋಸ್ ಕಡಿಮೆಯಾಗುತ್ತದೆ, ನಡುರಾತ್ರಿಯದನ್ನೇ ತೋರಿಸಿದರೆ ಹೆಚ್ಚಾಗುತ್ತದೆ. ಎರಡೂ ತಪ್ಪು. ಇಲ್ಲಿ ಬದಲಾಗಬೇಕಾದ್ದು ಮೊದಲು ಹೊತ್ತು, ಆಮೇಲೆ ಯೂನಿಟ್.

ಹೊಟ್ಟೆಯನ್ನು ದೂರುವ ಮೊದಲು

ಏರಿಳಿತಕ್ಕೆ ಬೇರೆ ಕಾರಣಗಳೂ ಇವೆ, ಮತ್ತು ಅವು ಬೇಗ ಸರಿಹೋಗುವಂಥವು. ಒಂದೇ ಜಾಗಕ್ಕೆ ವರ್ಷಗಟ್ಟಲೆ ಚುಚ್ಚಿ ಚರ್ಮದಡಿ ಗಂಟಾಗಿದ್ದರೆ ಇನ್ಸುಲಿನ್ ಒಂದು ದಿನ ಹೀರುತ್ತದೆ, ಇನ್ನೊಂದು ದಿನ ಇಲ್ಲ. ಹೊಟ್ಟೆಯ ಮೇಲೆ ಅಂಗೈ ಸವರಿ ನೋಡಿ. ಮೆತ್ತಗಿನ ಉಬ್ಬು ಸಿಕ್ಕರೆ ಆ ಜಾಗ ತಿಂಗಳುಗಟ್ಟಲೆ ಬಿಡಬೇಕು. ಹೊಸ ಜಾಗದಲ್ಲಿ ಇನ್ಸುಲಿನ್ ಚೆನ್ನಾಗಿ ಹೀರುವುದರಿಂದ ಡೋಸ್ ಇಳಿಸಬೇಕಾಗಬಹುದು, ವೈದ್ಯರಿಗೆ ತಿಳಿಸಿಯೇ ಜಾಗ ಬದಲಿಸಿ.

ಸಿರಿಂಜಿನ ಗೊಂದಲ ಇನ್ನೂ ದೊಡ್ಡದು. ನಮ್ಮಲ್ಲಿ ಬಾಟಲಿಯ ಇನ್ಸುಲಿನ್ ಹೆಚ್ಚಾಗಿ ಮಿಲಿಲೀಟರಿಗೆ 40 ಯೂನಿಟ್, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಪೆನ್ನಿನ ಕಾರ್ಟ್ರಿಜ್ ಮತ್ತು ಕೆಲವು ಬಾಟಲಿಗಳು 100 ಯೂನಿಟ್‌ನವು, ಅದಕ್ಕೆ ಕಿತ್ತಳೆ ಮುಚ್ಚಳದ್ದು. 100ರ ಇನ್ಸುಲಿನ್ ಅನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 10ರ ಗೆರೆವರೆಗೆ ಎಳೆದರೆ ಮೈಗೆ ಹೋಗುವುದು 25 ಯೂನಿಟ್. ಮೆಡಿಕಲ್ ಶಾಪ್‌ನಲ್ಲಿ ಬಾಟಲಿ ಮತ್ತು ಸಿರಿಂಜ್ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿಕೊಂಡೇ ಹಣ ಕೊಡಿ. ಹಾಲಿನ ಬಣ್ಣದ ಇನ್ಸುಲಿನ್ (ಎನ್‌ಪಿಎಚ್ ಅಥವಾ 30/70) ಆದರೆ ಅಂಗೈಯಲ್ಲಿ 10 ಸಲ ಉರುಳಿಸಿ, 10 ಸಲ ತಲೆಕೆಳಗು ಮಾಡಿ ಬೆರೆಸಬೇಕು. ಬೆರೆಸದೆ ಚುಚ್ಚಿದರೆ ದಿನಕ್ಕೊಂದು ಡೋಸ್ ಆಗುತ್ತದೆ. ಮೂತ್ರಪಿಂಡ ದುರ್ಬಲವಾಗಿದ್ದರೂ ಇನ್ಸುಲಿನ್ ಮೈಯಲ್ಲಿ ಹೆಚ್ಚು ಹೊತ್ತು ಉಳಿದು ಲೋ ಆಗುತ್ತದೆ.

ಬೇರೆ ಮಾತ್ರೆಗಳನ್ನೂ ತೆಗೆದು ನೋಡಿ. ಹೊಟ್ಟೆನೋವಿನ ಡೈಸೈಕ್ಲೊಮಿನ್, ನೋವಿನ ಟ್ರಾಮಡಾಲ್, ಪಾದದ ಉರಿಗೆ ಕೊಡುವ ಅಮಿಟ್ರಿಪ್ಟಿಲಿನ್ ಇವು ಹೊಟ್ಟೆಯನ್ನು ನಿಧಾನ ಮಾಡುತ್ತವೆ. ಶುಗರ್‌ಗೂ ತೂಕ ಇಳಿಸಲೂ ಕೊಡುವ ಲಿರಾಗ್ಲುಟೈಡ್, ಡುಲಾಗ್ಲುಟೈಡ್, ಸೆಮಾಗ್ಲುಟೈಡ್ ಕೂಡ ಹಾಗೆಯೇ. ಯಾವುದನ್ನೂ ನೀವಾಗಿ ನಿಲ್ಲಿಸಬೇಡಿ, ಪಟ್ಟಿ ಬರೆದು ವೈದ್ಯರ ಮುಂದಿಡಿ.

ಖಚಿತ ಮಾಡಿಕೊಳ್ಳಲು ಮೊದಲು ಎಂಡೋಸ್ಕೊಪಿ, ಅಡ್ಡ ಏನೂ ಇಲ್ಲವೆಂದು ನೋಡಲು. ರಾತ್ರಿಯಿಡೀ ಉಪವಾಸವಿದ್ದರೂ ಹೊಟ್ಟೆಯಲ್ಲಿ ಅನ್ನ ಕಂಡರೆ ಅದೇ ದೊಡ್ಡ ಸುಳಿವು. ನಂತರದ್ದು ಗ್ಯಾಸ್ಟ್ರಿಕ್ ಎಂಪ್ಟಿಯಿಂಗ್ ಸ್ಕ್ಯಾನ್. ಅತಿ ಕಡಿಮೆ ವಿಕಿರಣದ ಟೆಕ್ನೀಷಿಯಂ ಬೆರೆಸಿದ ಸಣ್ಣ ಊಟ ಕೊಟ್ಟು 1, 2, 4 ಗಂಟೆಗೆ ಚಿತ್ರ ತೆಗೆಯುತ್ತಾರೆ. 4 ಗಂಟೆಗೆ ಶೇ. 10ಕ್ಕಿಂತ ಹೆಚ್ಚು ಉಳಿದಿದ್ದರೆ ಹೊಟ್ಟೆ ನಿಧಾನ. ಎರಡೇ ಗಂಟೆಗೆ ಮುಗಿಸುವ ಸ್ಕ್ಯಾನ್ ಸಾಲದು, ಮೊದಲೇ ಕೇಳಿಕೊಳ್ಳಿ. ಇದಕ್ಕೆ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗ ಬೇಕು. ಉತ್ತರ ಕನ್ನಡದವರು ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಅಥವಾ ಗೋವಾದ ದೊಡ್ಡ ಆಸ್ಪತ್ರೆಗಳಲ್ಲಿ ವಿಚಾರಿಸಬೇಕಾಗುತ್ತದೆ. ಅಷ್ಟು ದೂರ ಹೋಗಿ ವಾಪಸ್ ಬರುವಂತಾಗಬಾರದು. ಹೊಟ್ಟೆಯ ಚಲನೆಗೆ ಸಂಬಂಧಿಸಿದ ಮಾತ್ರೆಗಳನ್ನು 2–3 ದಿನ ಮುಂಚೆ ನಿಲ್ಲಿಸಬೇಕೇ ಎಂದು ಫೋನಿನಲ್ಲೇ ಕೇಳಿ. ಆ ದಿನ ಬೆಳಿಗ್ಗೆ ಶುಗರ್ 275 ದಾಟಿದ್ದರೆ ಸ್ಕ್ಯಾನ್ ಫಲಿತಾಂಶ ನಂಬುವಂತಿರುವುದಿಲ್ಲ.

ಸ್ಕ್ಯಾನ್ ತಡವಾದರೆ ಗ್ಲುಕೋಮೀಟರೇ ಅರ್ಧ ಉತ್ತರ ಕೊಡುತ್ತದೆ. ಮೂರು ದಿನ ಒಂದೇ ಬಗೆಯ ರಾತ್ರಿಯೂಟ ಮಾಡಿ, ಊಟಕ್ಕೆ ಮೊದಲು, ಊಟವಾದ 1, 2, 4, 6 ಗಂಟೆಗೆ ನೋಡಿ ಬರೆದಿಡಿ. ತೋಳಿಗೆ ಅಂಟಿಸುವ 14 ದಿನದ ಸೆನ್ಸರ್ ಸಿಕ್ಕರೆ ಉತ್ತಮ, ಸ್ಟ್ರಿಪ್‌ನಲ್ಲಿ ತಪ್ಪಿಹೋಗುವ ನಡುರಾತ್ರಿಯ ಏರು ಅದರಲ್ಲಿ ಕಾಣುತ್ತದೆ. ಕರಾವಳಿಯ ಬೆವರಿಗೆ ಸೆನ್ಸರ್ ಬೇಗ ಕಿತ್ತುಬರುತ್ತದೆ, ಮೇಲೊಂದು ಮೆಡಿಕಲ್ ಟೇಪ್ ಹಾಕಿ. ಲೋ ಅಲಾರಂ 70ಕ್ಕಲ್ಲ, 80ಕ್ಕೆ ಇಡಿ. ಸೆನ್ಸರಿನ ಅಂಕಿ ರಕ್ತಕ್ಕಿಂತ 5–15 ನಿಮಿಷ ಹಿಂದೆ ಇರುತ್ತದೆ, ಲೋ ಅನ್ನಿಸಿದರೆ ಬೆರಳು ಚುಚ್ಚಿಯೇ ನೋಡಿ.

ಹೊತ್ತು ಬದಲಿಸುವುದು ಹೇಗೆ

ಮೊದಲು ದೀರ್ಘಕಾಲದ ಇನ್ಸುಲಿನ್ (ಗ್ಲಾರ್ಜಿನ್, ಡೆಗ್ಲುಡೆಕ್) ಸರಿಯಿದೆಯೇ ನೋಡಬೇಕು. ಊಟದ ಇನ್ಸುಲಿನ್ ಇಲ್ಲದೆ ಕಳೆದ ಹೊತ್ತಿನಲ್ಲಿ ಶುಗರ್ ಇದ್ದದ್ದಕ್ಕಿಂತ 30 ಅಂಕಿಗೂ ಹೆಚ್ಚು ಕುಸಿದರೆ ಆ ಡೋಸೇ ಹೆಚ್ಚಾಗಿದೆ. ತಳಪಾಯ ಸರಿಯಾಗದೆ ಊಟದ ಡೋಸ್ ಮುಟ್ಟಿ ಪ್ರಯೋಜನವಿಲ್ಲ.

ಆಮೇಲೆ ಊಟದ ಇನ್ಸುಲಿನ್. ಬಾಕ್ಸಿನ ಮೇಲೆ ಊಟಕ್ಕೆ ಮೊದಲು ಎಂದಿರುತ್ತದೆ, ರೆಗ್ಯುಲರ್ ಆದರೆ ಅರ್ಧ ಗಂಟೆ ಮೊದಲು. ಇದು ಆರೋಗ್ಯವಾದ ಹೊಟ್ಟೆಗೆ ಬರೆದ ಮಾತು. ಹೊಟ್ಟೆ ನಿಧಾನವಿದ್ದರೆ ವೈದ್ಯರು ಸಾಮಾನ್ಯವಾಗಿ ವೇಗದ ಇನ್ಸುಲಿನ್ ಅನ್ನು ಊಟ ಮುಗಿದ ಮೇಲೆ, ಅಥವಾ ಶುಗರ್ ಏರತೊಡಗಿದ್ದು ಕಂಡ ಮೇಲೆ ಕೊಡುತ್ತಾರೆ. ಇನ್ನೊಂದು ದಾರಿ ಡೋಸ್ ಒಡೆಯುವುದು. 8 ಯೂನಿಟ್ ಬೇಕಿದ್ದರೆ ಊಟ ಮುಗಿದಾಗ 4, ಒಂದೂವರೆ ಗಂಟೆ ಕಳೆದು ಶುಗರ್ ಏರುತ್ತಿದ್ದರಷ್ಟೇ ಉಳಿದ 4. ಇದು ಮೊದಲೇ ಲೆಕ್ಕ ಹಾಕಿದ ಊಟದ ಡೋಸಿನ ಉಳಿದ ಪಾಲು, ಗಾಬರಿಯ ತಿದ್ದುಪಡಿ ಅಲ್ಲ. ಊಟ ಅರ್ಧಕ್ಕೇ ಬಿಟ್ಟರೆ ಅಥವಾ ವಾಂತಿಯಾದರೆ ಆ 4 ಯೂನಿಟ್ ಕೈಯಲ್ಲೇ ಉಳಿಯುತ್ತದೆ, ಇದೇ ಒಡೆಯುವುದರ ದೊಡ್ಡ ಲಾಭ. ಕೆಲವರಿಗೆ ವೇಗದ್ದರ ಬದಲು ನಿಧಾನದ ರೆಗ್ಯುಲರ್ ಇನ್ಸುಲಿನ್ ಅನ್ನು ಊಟದ ಜೊತೆ ಕೊಟ್ಟರೆ ಹೊಟ್ಟೆಯ ವೇಗಕ್ಕೆ ಹೊಂದುತ್ತದೆ. ಇನ್ಸುಲಿನ್ ಪಂಪ್ ಇರುವವರು ಒಂದು ಡೋಸನ್ನು ಎರಡು ಮೂರು ಗಂಟೆಗೆ ಹರಡಬಹುದು.

ಬೆಳಿಗ್ಗೆ ಸಂಜೆ 30/70 ಚುಚ್ಚಿಕೊಳ್ಳುವವರು ನಮ್ಮಲ್ಲಿ ಬಹಳ. ಇದರಲ್ಲಿ ವೇಗದ ಪಾಲು ಮತ್ತು ನಿಧಾನದ ಪಾಲು ಒಂದೇ ಚುಚ್ಚಿನಲ್ಲಿ ಅಂಟಿಕೊಂಡಿವೆ, ಒಂದನ್ನು ಮುಂದೂಡಲು ಆಗುವುದಿಲ್ಲ. ಗ್ಯಾಸ್ಟ್ರೋಪರೇಸಿಸ್ ಖಚಿತವಾದವರು ಹೀಗೆ ಮೊದಲೇ ಬೆರೆಸಿ ಬರುವ ಇನ್ಸುಲಿನ್ (ಪ್ರಿಮಿಕ್ಸ್) ಬಿಡುವ ಬಗ್ಗೆ ವೈದ್ಯರೊಡನೆ ಮಾತಾಡಲೇಬೇಕು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ. ಚುಚ್ಚು ಎರಡರಿಂದ ನಾಲ್ಕಕ್ಕೆ ಏರುತ್ತದೆ ನಿಜ, ಆದರೆ ನಡುರಾತ್ರಿಯ ಲೋ ತಪ್ಪಿಸುವುದು ಸುಲಭವಾಗುತ್ತದೆ. ಒಮ್ಮೆಗೆ ಒಂದೇ ಬದಲಾವಣೆ ಮಾಡಿ ಮೂರು ದಿನ ನೋಡಿ. ಪದೇಪದೇ ಲೋ ಆಗುವವರಿಗೆ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್ ತೋರುವ ರಕ್ತಪರೀಕ್ಷೆ) 7ರೊಳಗೇ ಇರಬೇಕೆಂಬ ಹಟವನ್ನು ವೈದ್ಯರೇ ಸಡಿಲಿಸುತ್ತಾರೆ.

ಹೊಟ್ಟೆಯನ್ನು ಚುರುಕು ಮಾಡುವ ಮಾತ್ರೆಗಳಿವೆ: ಡೊಂಪೆರಿಡೋನ್, ಮೆಟೊಕ್ಲೊಪ್ರಮೈಡ್, ಲೆವೊಸಲ್ಪಿರೈಡ್. ಮೆಟೊಕ್ಲೊಪ್ರಮೈಡ್ 12 ವಾರ ಮೀರಿ ಕೊಡುವುದು ವಾಡಿಕೆಯಲ್ಲ, ಬಾಯಿ ನಾಲಿಗೆ ತಾನಾಗಿ ಅಲುಗುವ, ವಾಸಿಯಾಗದ ತೊಂದರೆ ಬರಬಹುದು. ಲೆವೊಸಲ್ಪಿರೈಡ್ ಗ್ಯಾಸಿನ ಮಾತ್ರೆಯೊಳಗೇ ಸೇರಿಕೊಂಡು ಬರುತ್ತದೆ, ವಯಸ್ಸಾದವರಲ್ಲಿ ಕೈನಡುಕ, ನಡಿಗೆ ನಿಧಾನವಾಗುವುದು ಕಂಡರೆ ತಕ್ಷಣ ವೈದ್ಯರಿಗೆ ಹೇಳಿ. ಡೊಂಪೆರಿಡೋನ್ ಹೃದಯದ ತೊಂದರೆ ಇದ್ದವರಿಗೆ ಇಸಿಜಿ ನೋಡಿಯೇ ಕೊಡಬೇಕಾದ ಮಾತ್ರೆ. ಮಾತ್ರೆ ಶುರುವಾದ ದಿನದಿಂದ ಊಟ ಬೇಗ ಇಳಿಯುತ್ತದೆ, ಇನ್ಸುಲಿನ್ ಹೊತ್ತನ್ನೂ ಮತ್ತೆ ಹೊಂದಿಸಬೇಕು. ಇದನ್ನು ಯಾರೂ ನೆನಪಿಸುವುದಿಲ್ಲ.

ತಟ್ಟೆಯಲ್ಲಿ ಏನಿರಬೇಕು

ಸಕ್ಕರೆ ಕಾಯಿಲೆಯವರಿಗೆ ಹೇಳುವ ಮಾತು ಎಲ್ಲರಿಗೂ ಬಾಯಿಪಾಠ: ನಾರು ಹೆಚ್ಚು ತಿನ್ನಿ, ಹಸಿ ತರಕಾರಿ, ಮೊಳಕೆಕಾಳು, ಪಾಲಿಶ್ ಮಾಡದ ಅಕ್ಕಿ. ಹೊಟ್ಟೆ ನಿಧಾನವಾದವರಿಗೆ ಈ ಮಾತು ತಿರುಗಿಬೀಳುತ್ತದೆ. ನಾರು ಮತ್ತು ಕೊಬ್ಬು ಎರಡೂ ಹೊಟ್ಟೆಯನ್ನು ಇನ್ನಷ್ಟು ತಡೆಯುತ್ತವೆ. ಜೀರ್ಣವಾಗದ ನಾರು ಸೇರಿ ಉಂಡೆಗಟ್ಟಿ ಬೆಜೋರ್ ಆದರೆ ಎಂಡೋಸ್ಕೊಪಿಯಲ್ಲಿ ತೆಗೆಸಬೇಕಾದೀತು. ಬಾಳೆದಿಂಡಿನ ಪಲ್ಯ, ಎಳೆ ಹಲಸಿನಕಾಯಿ, ಬಸಳೆಯ ದಂಟು, ಕಿತ್ತಳೆ ತೊಳೆಯ ಸಿಪ್ಪೆ, ಅಗಿಯದೆ ನುಂಗಿದ ಕಾಯಿಚೂರು ಇವು ಮೊದಲು ಬಿಡಬೇಕಾದವು. ಬಸಳೆ ಬೇಕೇ ಬೇಕೆಂದರೆ ಎಲೆ ಮಾತ್ರ, ಬೇಯಿಸಿ ಅರೆದು.

ಸಣ್ಣ ಕಣದ ಊಟ ಬೇಗ ಇಳಿಯುತ್ತದೆ, ಏಕೆಂದರೆ ಜಠರ ಅರೆಯಬೇಕಾದ್ದನ್ನು ಒರಳೋ ಮಿಕ್ಸಿಯೋ ಮೊದಲೇ ಅರೆದಿರುತ್ತದೆ. ಎರಡು ಬೆರಳಿನ ನಡುವೆ ಒತ್ತಿದರೆ ಕರಗುವಂತಿರಬೇಕು. ಈ ಅಳತೆಯಲ್ಲಿ ನೋಡಿದರೆ ನಮ್ಮ ಅಡುಗೆಮನೆಯಲ್ಲೇ ಬೇಕಾದ್ದಿದೆ. ಇಡ್ಲಿ, ನೀರುದೋಸೆ, ನುಣ್ಣಗೆ ಬೇಯಿಸಿ ಮಸೆದ ಗಂಜಿ, ತೊಗರಿಬೇಳೆ ಕಟ್ಟು, ಸಿಪ್ಪೆ ತೆಗೆದ ಸೌತೆ ಅಥವಾ ಕುಂಬಳದ ತೆಳು ಹುಳಿ. ಕುಚ್ಚಲಕ್ಕಿ ಕೆಂಪಗಿದ್ದರೆ ತೌಡು ಇರುತ್ತದೆ, ಅದರ ಗಂಜಿಯನ್ನು ಮಸೆದು ಸೋಸಿಕೊಳ್ಳಿ ಅಥವಾ ಬೆಳ್ತಿಗೆ ಅಕ್ಕಿಗೆ ಬದಲಿಸಿ. ಗಂಜಿಯಿಂದ ಶುಗರ್ ಏರುತ್ತದೆ ಎಂಬ ಆಕ್ಷೇಪ ಸರಿಯೇ. ಆದರೆ ಯಾವಾಗ ಏರುತ್ತದೆಂದು ಗೊತ್ತಿದ್ದರೆ ಇನ್ಸುಲಿನ್ ಹೊಂದಿಸಬಹುದು, ಹೊತ್ತೇ ಗೊತ್ತಿಲ್ಲದೆ ಏರುವ ಜೋಳದ ರೊಟ್ಟಿಗಿಂತ ಅದು ಮೇಲು.

ಶಿರಸಿ ಸಿದ್ದಾಪುರದ ಕಡೆಯ ತಂಬುಳಿ ಇವರಿಗೆ ಹೇಳಿಮಾಡಿಸಿದ್ದು, ಒಂದೆಲಗವನ್ನು ನುಣ್ಣಗೆ ಅರೆದು, ಕಾಯಿ ಒಂದು ಚಮಚಕ್ಕಿಂತ ಹೆಚ್ಚು ಹಾಕದೆ, ಕೆನೆ ತೆಗೆದ ಮಜ್ಜಿಗೆಯಲ್ಲಿ ಕದಡಿ ಸೋಸಿದರೆ. ಅಪ್ಪೆಹುಳಿಯೂ ಆದೀತು. ಕರಾವಳಿಯವರು ಮೀನು ಬಿಡಬೇಕಿಲ್ಲ. ಕಾಣೆಯಂಥ ಕೊಬ್ಬು ಕಡಿಮೆಯ ಮೀನನ್ನು ಹಬೆಯಲ್ಲೋ ತೆಳು ಸಾರಿನಲ್ಲೋ ಬೇಯಿಸಿ, ಮುಳ್ಳು ಬಿಡಿಸಿ ಹಿಸುಕಿ ತಿನ್ನಬಹುದು. ಬಂಗಡೆ, ತಾರ್ಲೆ ಎಣ್ಣೆಯ ಮೀನು, ಸ್ವಲ್ಪವೇ ಸಾಕು. ರವಾ ಫ್ರೈ ಮತ್ತು ಗಟ್ಟಿ ಕಾಯಿರಸ ಸೇರಿದ ಊಟ ಮಾಡಿದ ರಾತ್ರಿ ಶುಗರ್ ಏರುವುದು ಅನ್ನದಿಂದಲೇ, ಆದರೆ ತಡವಾಗುವುದು ಈ ಕೊಬ್ಬಿನಿಂದ.

ಮೂರು ದೊಡ್ಡ ಊಟದ ಬದಲು ಐದಾರು ಸಣ್ಣವು. ಗಟ್ಟಿ ಪದಾರ್ಥ ಬೆಳಿಗ್ಗೆ ಮಧ್ಯಾಹ್ನಕ್ಕೆ ಮುಗಿಯಲಿ, ರಾತ್ರಿಯದು 7 ಗಂಟೆಯೊಳಗೆ, ಆದಷ್ಟು ತೆಳ್ಳಗೆ. ಉಂಡ ಮೇಲೆ ಒಂದೆರಡು ಗಂಟೆ ಮಲಗಬೇಡಿ, ಅಂಗಳದಲ್ಲಿ ನಿಧಾನ ನಡೆಯಿರಿ. ಚೌತಿಯ ಪಂಚಕಜ್ಜಾಯ, ಮದುವೆಮನೆಯ ಮೂರು ಗಂಟೆಯ ಎಲೆ ಇವಕ್ಕೆ ಮೊದಲೇ ಇನ್ಸುಲಿನ್ ಚುಚ್ಚಿಕೊಂಡು ಪಂಕ್ತಿಯಲ್ಲಿ ಕೂರುವುದು ಮಾತ್ರ ಬೇಡವೇ ಬೇಡ.

ಲೋ ಆದಾಗ

70ಕ್ಕಿಂತ ಕೆಳಗೆ ಹೋದರೆ 15 ಗ್ರಾಂ ಗ್ಲುಕೋಸ್, ಅಂದರೆ ಗ್ಲುಕೋಸ್ ಪುಡಿ ಮೂರು ಚಹಾ ಚಮಚ, ಅರ್ಧ ಲೋಟ ನೀರಿನಲ್ಲಿ. ಹೊಟ್ಟೆ ನಿಧಾನವಿದ್ದರೂ ದ್ರವ ಸಾಮಾನ್ಯವಾಗಿ ಗಟ್ಟಿಗಿಂತ ಬೇಗ ಇಳಿಯುತ್ತದೆ. ಬಿಸ್ಕತ್ತು, ಬಾಳೆಹಣ್ಣು, ಹಾಲು, ಚಾಕೊಲೇಟ್ ಬೇಡ. ಎಳನೀರು ಕರಾವಳಿಯ ಮೊದಲ ಮದ್ದು, ಆದರೆ ಒಂದು ಲೋಟದಲ್ಲಿ ಸಕ್ಕರೆ ಸುಮಾರು 10 ಗ್ರಾಂ ಮಾತ್ರ, ಲೋ ಹೊತ್ತಿಗೆ ಸಾಲದು. ವೊಗ್ಲಿಬೋಸ್ ಅಥವಾ ಅಕಾರ್ಬೋಸ್ ಮಾತ್ರೆ ತೆಗೆದುಕೊಳ್ಳುವವರಿಗೆ ಸಕ್ಕರೆ, ಬೆಲ್ಲ ಬೇಗ ಕೆಲಸ ಮಾಡುವುದಿಲ್ಲ, ಬರೀ ಗ್ಲುಕೋಸೇ ಆಗಬೇಕು. ಪರಿಮಳ ಸೇರಿಸಿದ ಪುಡಿಯಲ್ಲಿ ಸಕ್ಕರೆ ಬೆರೆತಿರಬಹುದು, ಲೇಬಲ್ ಓದಿ.

15 ನಿಮಿಷಕ್ಕೆ ಮತ್ತೆ ನೋಡಿ, ಏರದಿದ್ದರೆ ಇನ್ನೊಮ್ಮೆ ಅಷ್ಟೇ. ಎರಡು ಸಲಕ್ಕೂ ಏರದಿದ್ದರೆ, ಮಂಪರು ಕವಿದರೆ, ಹೊಟ್ಟೆಯನ್ನು ನಂಬಿ ಕೂರುವಂತಿಲ್ಲ. ಶುಗರ್ ಬೇಗ ಏರಿಸುವ ಗ್ಲುಕಗಾನ್ ಚುಚ್ಚುಮದ್ದನ್ನು ಮನೆಯಲ್ಲಿಟ್ಟುಕೊಳ್ಳುವ ಬಗ್ಗೆ ವೈದ್ಯರನ್ನು ಮೊದಲೇ ಕೇಳಿ, ಮನೆಯ ಇಬ್ಬರಿಗಾದರೂ ಕೊಡುವುದು ಗೊತ್ತಿರಲಿ. ದೊಡ್ಡವರಿಗೆ 1 ಮಿಲಿಗ್ರಾಂ. ಕೊಟ್ಟಮೇಲೆ ವಾಂತಿ ಬರಬಹುದು, ಪಕ್ಕಕ್ಕೆ ಮಲಗಿಸಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ, 108ಕ್ಕೆ ಕರೆ ಮಾಡಿ. ಲೋ ಸರಿಹೋದ ಮೇಲೂ ಹಿಂದಿನ ಊಟ ಹೊಟ್ಟೆಯಲ್ಲೇ ಇದೆ ಎಂಬುದು ನೆನಪಿರಲಿ. ಮತ್ತೆ ಊಟ ಬೇಡ, ಆಮೇಲಿನ ಏರಿಗೆ ಅವಸರದ ಇನ್ಸುಲಿನ್ನೂ ಬೇಡ.

ವಾಂತಿಯ ದಿನ, ಮಳೆಗಾಲದ ದಿನ

ಚುಚ್ಚಿಕೊಂಡ ಮೇಲೆ ವಾಂತಿಯಾದರೆ ಮುಂದಿನ 4 ಗಂಟೆ ಅರ್ಧ ಗಂಟೆಗೊಮ್ಮೆ ಶುಗರ್ ನೋಡುತ್ತ, ಗ್ಲುಕೋಸ್ ನೀರು ಗುಟುಕು ಗುಟುಕಾಗಿ ಕೊಡಿ. ಉಂಡಿಲ್ಲವೆಂದು ದೀರ್ಘಕಾಲದ ಇನ್ಸುಲಿನ್ ನಿಲ್ಲಿಸಬಾರದು, ಟೈಪ್ 1 ಇರುವವರಂತೂ ಯಾವ ಕಾರಣಕ್ಕೂ ಇಲ್ಲ. ಡೋಸ್ ಇಳಿಸಬೇಕೇ ಎಂಬುದನ್ನು ವೈದ್ಯರು ಹೇಳಲಿ. ವಾಂತಿಯ ಜೊತೆ ಶುಗರ್ 250 ದಾಟಿದ್ದರೆ ಕೀಟೋನ್ ಸ್ಟ್ರಿಪ್‌ನಲ್ಲಿ ಮೂತ್ರ ಪರೀಕ್ಷಿಸಿ. ಇದು ಹೊಟ್ಟೆಯ ವಾಂತಿಯಲ್ಲದೆ ಕೀಟೋಅಸಿಡೋಸಿಸ್, ಅಂದರೆ ಇನ್ಸುಲಿನ್ ಸಾಲದೆ ರಕ್ತದಲ್ಲಿ ಆಮ್ಲ ಏರಿ ಜೀವಕ್ಕೇ ಅಪಾಯವಾಗುವ ಸ್ಥಿತಿ, ಆಗಿರಬಹುದು. ಕೀಟೋನ್ ಕಂಡರೆ, ನಾಲ್ಕಾರು ಗಂಟೆ ನೀರೂ ನಿಲ್ಲದಿದ್ದರೆ, ವಾಂತಿಯಲ್ಲಿ ರಕ್ತ ಅಥವಾ ಕಾಫಿ ಗಸಿಯಂಥದ್ದು ಕಂಡರೆ ಮನೆಯಲ್ಲಿ ಉಳಿಯಬೇಡಿ.

ಉತ್ತರ ಕನ್ನಡದಲ್ಲಿ ಆಸ್ಪತ್ರೆಗೆ ಹೋಗುವ ದಾರಿಯೂ ಲೆಕ್ಕಕ್ಕೆ ಬರುತ್ತದೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ-66 ಅನ್ನು ದಿನಗಟ್ಟಲೆ ಮುಚ್ಚಲಾಗಿತ್ತು. ಮಳೆಗಾಲದಲ್ಲಿ ದೇವಿಮನೆ ಘಟ್ಟದಂಥ ದಾರಿ ಬಂದ್ ಆಗುವುದೂ ಹೊಸದಲ್ಲ. ಜೂನ್ ಬರುವ ಮೊದಲೇ ಒಂದು ತಿಂಗಳ ಇನ್ಸುಲಿನ್, ಎರಡು ಪ್ಯಾಕೆಟ್ ಗ್ಲುಕೋಸ್, ಸ್ಟ್ರಿಪ್, ಕೀಟೋನ್ ಸ್ಟ್ರಿಪ್ ಮನೆಯಲ್ಲಿರಲಿ. ತೆರೆಯದ ಇನ್ಸುಲಿನ್ 2–8 ಡಿಗ್ರಿಯಲ್ಲಿ, ಫ್ರಿಜ್ಜಿನ ಬಾಗಿಲಲ್ಲಿ, ಫ್ರೀಜರಿಗೆ ತಾಗದಂತೆ. ಒಮ್ಮೆ ಹೆಪ್ಪುಗಟ್ಟಿದ್ದನ್ನು ಕರಗಿಸಿ ಬಳಸುವಂತಿಲ್ಲ. ಬಳಕೆಯಲ್ಲಿರುವ ಹೆಚ್ಚಿನ ಪೆನ್ನುಗಳು 30 ಡಿಗ್ರಿಯೊಳಗೆ 4 ವಾರ ಕೆಡುವುದಿಲ್ಲ, ತೆರೆದ ದಿನಾಂಕವನ್ನು ಮೇಲೆ ಬರೆಯಿರಿ. ಕಾರವಾರದ ಏಪ್ರಿಲ್–ಮೇ ಸೆಕೆ 30 ದಾಟುತ್ತದೆ. ಕರೆಂಟ್ ಹೋದಾಗ ನೀರು ತುಂಬಿದ ಮಣ್ಣಿನ ಮಡಕೆಯೊಳಗೆ, ಡಬ್ಬಿಯಲ್ಲಿ ಮುಚ್ಚಿಟ್ಟು ಇಳಿಬಿಡುವುದು ಒಳ್ಳೆಯ ಉಪಾಯ. ಕರಾವಳಿಯ ಗಾಳಿಯಲ್ಲಿ ತೇವ ಹೆಚ್ಚಿರುವುದರಿಂದ ಮಡಕೆ ಶಿರಸಿಯ ಬೇಸಿಗೆಯಲ್ಲಿ ತಣಿದಷ್ಟು ಇಲ್ಲಿ ತಣಿಯುವುದಿಲ್ಲ, ಗಾಳಿಯಾಡುವ ನೆರಳಿನಲ್ಲಿಡಿ, ಥರ್ಮಾಮೀಟರ್ ಒಂದನ್ನು ಒಳಗಿಟ್ಟು ಅಳೆದು ನೋಡಿ.